ಗ್ರೇ ಮೇರ್‌ನ ಆರದ ಬೆಂಕಿ

ಅಕ್ಟೋಬರ್ 9, ಮಧ್ಯಾಹ್ನ

ಹೈ ಗಾರ್ತ್ ಫಾರ್ಮ್ ನೋಡಿ ಮುಗಿಯಿತು. ಬಾಗಿಲ ಮೇಲಿನ ಕಲ್ಲಿನಲ್ಲಿ 1741 ಅಂತ ಕೆತ್ತಿದೆ. ಆದರೆ ಆ ಕಲ್ಲು ಬೇರೆ ಯಾವುದೋ ಮನೆಯಿಂದ ಕಿತ್ತು ತಂದದ್ದಂತೆ. ಈ ಊರಿನಲ್ಲಿ ಯಾವ ಕಲ್ಲನ್ನೂ ನಂಬುವ ಹಾಗಿಲ್ಲ. ದನದ ಕೊಟ್ಟಿಗೆಗೆ ಹಳೆಯ ಚಾಪೆಲ್‌ನ ಕಿಟಕಿ, ಚಾಪೆಲ್‌ಗೆ ಮುಚ್ಚಿಹೋದ ಪಬ್ಬಿನ ಮೆಟ್ಟಿಲು... ಮಂಜಿನಲ್ಲಿ ನಡೆದು ಬರುವಾಗ, ಮನೆಗಳೆಲ್ಲ ನಮಗೆ ಹೇಳದೆ ಜಾಗ ಬದಲಾಯಿಸಿಕೊಳ್ಳುತ್ತವೇನೋ ಅನಿಸಿತು.

ಸ್ಕೆಲ್‌ಬೆಕ್ ಊರಿನ ಚರಿತ್ರೆ ಕ್ರಿಸ್‌ಮಸ್‌ಗೆ ಅಚ್ಚಾಗಬೇಕು. ಅಂಚೆ ಕಚೇರಿಯಿಂದ ನಿವೃತ್ತಳಾದ ಮೇಲೆ ಹಿಡಿದ ಹುಚ್ಚು. ಕಣ್ಣು ಮುಚ್ಚಿ ಬರೆಯಬಹುದಾದದ್ದು ಒಂದೇ— ಡಲ್ಸಿಯ ಪಬ್ಬು ಗ್ರೇ ಮೇರ್, ಅದರ ಅಗ್ಗಿಷ್ಟಿಕೆಯ ಬೆಂಕಿ. ಇನ್ನೂರು ವರ್ಷದಿಂದ ಒಮ್ಮೆಯೂ ಆರಿಲ್ಲ. ಕೊನೆಯ ಪುಟ ಅದಕ್ಕೇ ಮೀಸಲು.

ಅಕ್ಟೋಬರ್ 12

ಡಲ್ಸಿ ನೆಲಮಾಳಿಗೆಯ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ. ಎಂಬತ್ತರ ಹತ್ತಿರ ಬಂದರೂ ಬಿಯರ್ ಪೀಪಾಯಿ ತಾನೇ ಉರುಳಿಸಬೇಕು ಇವಳಿಗೆ. ಆಂಬುಲೆನ್ಸ್‌ನಲ್ಲಿ ಮಲಗಿಸಿದ್ದರೂ ನನ್ನ ತೋಳು ಬಿಡಲಿಲ್ಲ.

"ಲೇ ಹೆಟ್ಟಿ, ಬೆಂಕಿ ನೋಡ್ಕೋತೀಯಲ್ಲ? ಸಂಜೆ ಬೂದಿ ಮುಚ್ಚು. ಬೆಳಿಗ್ಗೆ ಬೂದಿ ಸರ್ಸಿ ಪೀಟ್ ಇಡು. ಅಷ್ಟೇ. ನಿನ್ನ ಬುದ್ಧಿ ಉಪಯೋಗಿಸ್ಬೇಡ."

"ಮೊದ್ಲು ನಿನ್ನ ಸೊಂಟ ನೋಡ್ಕೋ ಮಾರಾಯ್ತಿ."

"ಸೊಂಟ ಹೋದ್ರೆ ಹೋಗ್ಲಿ. ನಮ್ಮತ್ತೆ ಕೈಯಿಂದ ನನ್ನ ಕೈಗೆ ಬಂದಿದ್ದು ಕಣೇ ಅದು. ಅದೂ ಆರಿಹೋದ್ರೆ ನಾನು ವಾಪಸ್ ಬರೋದು ಯಾತಕ್ಕೆ ಹೇಳು?"

ಬಾಗಿಲು ಹಾಕಿಕೊಂಡು ಹೋದರು. ಜೇಬಿನಲ್ಲಿ ಪಬ್ಬಿನ ಕೀಲಿಕೈ. ತುಂಬಾ ಭಾರ.

ಅಕ್ಟೋಬರ್ 16, ಸಂಜೆ

ಅಗ್ಗಿಷ್ಟಿಕೆಯ ಮುಂದೆಯೇ ಬರೆಯುತ್ತಿದ್ದೇನೆ. ಪೀಟ್‌ಗೆ ಜ್ವಾಲೆ ಇಲ್ಲ. ಜೌಗಿನಿಂದ ಕೊಯ್ದು ಒಣಗಿಸಿದ ಆ ಕಪ್ಪು ಮಣ್ಣಿನ ಹೆಂಟೆ ಒಳಗೊಳಗೇ ಕೆಂಪಾಗುತ್ತದೆ, ಅಷ್ಟೇ. ನೋಡುತ್ತ ಕೂತರೆ ರೆಪ್ಪೆ ಭಾರ. ಎದುರಿನ ಬೆಂಚಿನಲ್ಲಿ ಯಾರೋ ಒದ್ದೆ ಬೂಟು ಬಿಚ್ಚಿದ ಹಾಗೆ... ದನ ಹೊಡೆದುಕೊಂಡು ಬೆಟ್ಟ ದಾಟಿ ಬಂದವರು. ಯಾರೋ ನನ್ನ ಹೆಸರು ಕೇಳಿದರು. ಹೇಳಿದೆ. ಅವರು ತಲೆಯಾಡಿಸಿ ಕೈ ಕಾಯಿಸಿಕೊಂಡರು. ಎಚ್ಚರವಾದಾಗ ಚಹಾ ತಣ್ಣಗಾಗಿತ್ತು. ಇಷ್ಟು ಸುಖವಾಗಿ ಎಷ್ಟೋ ದಿನದಿಂದ ಕೂತಿರಲಿಲ್ಲ.

ಅಕ್ಟೋಬರ್ 19

ಪುಸ್ತಕಕ್ಕೆ ಫೋಟೋ ಬೇಕಿತ್ತು. ಅಗ್ಗಿಷ್ಟಿಕೆಯೋ, ಬೂದಿಯ ತಿಪ್ಪೆ. ಎರಡು ಬಕೆಟ್ ಬೂದಿ ಎತ್ತಿ ಹಿತ್ತಿಲಿಗೆ ಸುರಿದೆ. ಕೆಂಡ ಒಂದು ಕಡೆ ಒಟ್ಟಿದೆ. ಕಲ್ಲು ಉಜ್ಜಿದೆ. ಹಿತ್ತಾಳೆಯ ಇಕ್ಕಳ ಫಳಫಳ. ಏನು ಅಂದ! ಡಲ್ಸಿ ನೋಡಿದರೆ ಗುರುತೇ ಹಿಡಿಯಲಿಕ್ಕಿಲ್ಲ. ಉಳಿದ ಹಿಡಿ ಬೂದಿಯನ್ನೇ ಮುಚ್ಚಿ ಮನೆಗೆ ಬಂದೆ.

ಅಕ್ಟೋಬರ್ 20, ಬೆಳಿಗ್ಗೆ

ಆರಿದೆ.

ಅಕ್ಟೋಬರ್ 24

ಮೂರು ದಿನ ಪೆನ್ನು ಮುಟ್ಟಲಿಲ್ಲ.

ಆ ಬೆಳಿಗ್ಗೆ ಮೊಣಕಾಲೂರಿ ಊದಿದೆ, ಊದಿದೆ. ತಣ್ಣನೆ ಕಲ್ಲು. ಕಾವು ಹಿಡಿದಿಡುವುದೇ ಆ ಬೂದಿಯ ಹಾಸು ಅಂತ ಈಗ ಗೊತ್ತಾಗುತ್ತಿದೆ. ಗುಡಿಸಿ ಎಸೆದ ಮೇಲೆ. ಬುದ್ಧಿ ಉಪಯೋಗಿಸಬೇಡ ಅಂದಿದ್ದಳು.

ಕಡ್ಡಿ ಗೀರಿ ಹೊತ್ತಿಸಿದೆ. ನೋಡಲಿಕ್ಕೆ ಅದೇ ಕೆಂಪು, ಅದೇ ಹೊಗೆ. ಕುರಿ ಸಾಕುವ ವಿಲ್ಫ್ ನಿನ್ನೆ ಬಂದು, ಬಿಯರ್ ತಾನೇ ಬಗ್ಗಿಸಿಕೊಂಡು, ಬೆನ್ನು ಕಾಯಿಸುತ್ತ ನಿಂತ. "ಏನೇ ಹೇಳು ಹೆಟ್ಟಿ, ಇನ್ನೂರು ವರ್ಷದ ಬೆಂಕಿ ಕಾವೇ ಬೇರೆ." ನಗಲೋ ಅಳಲೋ ತಿಳಿಯಲಿಲ್ಲ. ಆ ಬೆಂಕಿಯ ವಯಸ್ಸು ಮೂರು ದಿನ.

ಡಲ್ಸಿ ಆಸ್ಪತ್ರೆಯಿಂದ ಫೋನ್ ಮಾಡಿದಳು. "ಹೇಗಿದೆ ನಮ್ಮ ಮುದುಕ?" ಬೆಂಕಿಯನ್ನು ಹಾಗೇ ಕರೆಯುವುದು. "ಚೆನ್ನಾಗಿದಾನೆ" ಅಂದೆ.

ಅಕ್ಟೋಬರ್ 28

ಲೋ ರಿಗ್. ನಾನು ನೋಡಬೇಕಾಗಿದ್ದ ಕೊನೆಯ ಫಾರ್ಮ್. ಚರಿತ್ರೆಯ ಮೇಲೆ ಮನಸ್ಸಿರಲಿಲ್ಲ, ಬರುತ್ತೇನೆ ಅಂತ ಹೇಳಿಬಿಟ್ಟಿದ್ದೆನಲ್ಲ ಅಂತ ಹೋದೆ. ಜೆತ್ರೋ ಒಬ್ಬನೇ, ಒಂದು ಕುಂಟು ನಾಯಿ. ಅಡುಗೆಮನೆಗೆ ಕಾಲಿಟ್ಟರೆ ಪೀಟ್‌ನ ವಾಸನೆ. ಅಗ್ಗಿಷ್ಟಿಕೆಯಲ್ಲಿ ಬೂದಿ ಮೊಣಕಾಲೆತ್ತರ. ಮನೆ ಕಟ್ಟಿದ ವರ್ಷ ಕೇಳಬೇಕಾದವಳು, ಈ ಬೆಂಕಿ ಎಲ್ಲಿಯದು ಅಂತ ಕೇಳಿದೆ.

"ಗ್ರೇ ಮೇರ್‌ದೇ. ನಮ್ಮ ಮುತ್ತಜ್ಜಿ ಈ ಮನೆಗೆ ಬಂದಾಗ ಕಬ್ಬಿಣದ ಪಾತ್ರೇಲಿ ಹೊತ್ಕೊಂಡು ಬಂದಿದ್ದಂತೆ. ಹೊಸ ಮನೆಗೆ ನೆರೆಮನೆ ಕೆಂಡಾನೇ ತರ್ಬೇಕಿತ್ತು ಆಗ. ಕಡ್ಡಿ ಗೀರೋದು ಅಂದ್ರೆ ಊರಲ್ಲಿ ಯಾರೂ ದಿಕ್ಕಿಲ್ಲ ಅಂತ ಅರ್ಥ."

ಅಳು ಒತ್ತರಿಸಿ ಬಂತು. ಎಲ್ಲ ಹೇಳಿಬಿಟ್ಟೆ.

"ಬೂದಿ ಗುಡಿಸಿದ್ಯಾ?"

"ಹೂಂ."

ಹೊಟ್ಟೆ ಹಿಡಿದುಕೊಂಡು ನಕ್ಕ. ನಾಯಿ ಎದ್ದು ಕೂತಿತು. "ಯಾಕೋ ನಗ್ತೀಯ? ನನ್ನ ಪ್ರಾಣ ಹೋಗ್ತಿದೆ."

"ಏನಿಲ್ಲಮ್ಮ. ಆ ಪಾತ್ರೆ ಅಲ್ಲೇ ಮೊಳೇಲಿ ತೂಗ್ಹಾಕಿದೆ, ತೆಗಿ. ಹೋದ ತಕ್ಷಣ ಆ ಕಡ್ಡಿ ಬೆಂಕಿ ಪೂರ್ತಿ ಆರ್ಸು. ಆಮೇಲೆ ಇದನ್ನ ಇಡು. ಎರಡು ಚೀಲ ಬೂದಿ ನಾಳೆ ನಾನೇ ತಂದು ಹಾಕ್ತೀನಿ. ಮತ್ತೆ ಕಾರಲ್ಲಿ ಹೋಗ್ಬೇಡ, ನಡ್ಕೊಂಡು ಹೋಗು."

"ಅದೂ ಪದ್ಧತೀನಾ?"

"ಪದ್ಧತಿ ಅಲ್ಲ ಕಣೇ, ಕಾರು ಹೊತ್ಕೊಂಡ್ರೆ ಊರ ಚರಿತ್ರೆ ಬರೆಯೋರು ಯಾರು?"

ಪಾತ್ರೆಗೆ ಕೆಂಡ ಹಾಕಿ, ಮೇಲೆ ಬೂದಿ ಮುಚ್ಚಿಕೊಂಡು ಬೆಟ್ಟದ ಬಯಲಿನಲ್ಲಿ ನಡೆದೆ. ಇಳಿಬಿಸಿಲು, ಕಂದು ಹುಲ್ಲು, ಕಾಲಡಿಯಲ್ಲಿ ಮೆತ್ತನೆಯ ನೆಲ. ಬೂದಿಯ ಕೆಳಗೆ ಕೆಂಡ ಇದೆಯೋ ಇಲ್ಲವೋ, ತೆರೆದು ನೋಡುವ ಧೈರ್ಯವಿಲ್ಲ. ಪಾತ್ರೆಯನ್ನು ಕೋಟಿಗೆ ಒತ್ತಿಕೊಂಡೆ. ಬೆಚ್ಚಗಿತ್ತು. ಎಳೆ ಮಗುವಿನ ಜೊತೆ ಆಡುವ ಹಾಗೆ ಮಾತಾಡಿಸುತ್ತ ಬಂದೆ— ಇಗೋ ಬಂತು ಗೇಟು, ಇಗೋ ಸೇತುವೆ, ಇನ್ನು ಸ್ವಲ್ಪವೇ. ಮುಂದೆ ಯಾರೋ ಹೆಂಗಸು ನಡೆಯುತ್ತಿದ್ದಂತಿತ್ತು. ಅವಳ ಕೈಯಲ್ಲೂ ಪಾತ್ರೆ. ತಿರುವಿನಲ್ಲಿ ಕಾಣಲಿಲ್ಲ.

ಪಬ್ಬಿನಲ್ಲಿ ಕಡ್ಡಿಯ ಬೆಂಕಿ ಆರಿಸಿ ಈ ಕೆಂಡ ಇಟ್ಟೆ. ಹಿಡಿದುಕೊಂಡಿತು! ಎರಡನೆಯ ಸಲ ಊದಿದ್ದಕ್ಕೇ.

ನವೆಂಬರ್ 3, ಸಂಜೆ

ಡಲ್ಸಿ ಬಂದಳು. ವಾಕರ್ ತಳ್ಳುತ್ತ, ಕೋಟು ಕೂಡ ಬಿಚ್ಚದೆ, ನೇರ ಬೆಂಕಿಯ ಮುಂದೆ. ಬೂದಿ ನೋಡಿದಳು. ಇಕ್ಕಳ ನೋಡಿದಳು, ಇನ್ನೂ ಹೊಳೆಯುತ್ತಿತ್ತು ಹಾಳಾದ್ದು. ಹೊಗೆ ಮೂಸಿದಳು.

"ಜೆತ್ರೋ ಹೇಗಿದಾನೆ?"

ಅವನ ಹೆಸರೇ ನಾನು ಎತ್ತಿರಲಿಲ್ಲ. "ತಪ್ಪಾಯ್ತು ಡಲ್ಸಿ" ಅಂದೆ, ಅಳುತ್ತ.

"ಅಳಬೇಡ ಸುಮ್ನಿರು. ನಾನು ಮದ್ವೆಯಾಗಿ ಬಂದ ವಾರಾನೇ ಮನೆ ಚೊಕ್ಕಟ ಮಾಡೋಕೆ ಹೋಗಿ ಇದೇ ಬೂದಿ ಗುಡಿಸಿ ಎಸ್ದಿದ್ದೆ. ಹಿಂದಿನ ಬಾಗಿಲಿಂದ ಓಡಿ ಲೋ ರಿಗ್‌ನಿಂದ ಕೆಂಡ ತಂದೆ. ನಮ್ಮತ್ತೆಗೆ ಸಾಯೋವರೆಗೂ ಗೊತ್ತಾಗ್ಲಿಲ್ಲ ಅಂದ್ಕೊಂಡಿದೀನಿ."

"ಜೆತ್ರೋ ಹೇಳ್ಲೇ ಇಲ್ವಲ್ಲ!"

"ಹೇಳ್ತಾನಾ? ಅವರಮ್ಮ ತೀರ್ಕೊಂಡ ಚಳಿಗಾಲ ಅವನ ಬೆಂಕೀನೂ ಆರಿತ್ತು. ಇಲ್ಲಿಂದ್ಲೇ ಕೊಟ್ಟೆ. ನಾನೂ ಯಾರಿಗೂ ಹೇಳಿಲ್ಲ."

ನಿಟ್ಟುಸಿರು ಬಿಟ್ಟೆ. ಆದರೆ ಪುಸ್ತಕ? ಕೊನೆಯ ಪುಟ ಹರಿದು ಹಾಕಲೇ ಅಂತ ಕೇಳಿದೆ. "ಯಾಕೆ? ಆರಿಲ್ಲ ಅಂತ್ಲೇ ಬರಿ. ಎಲ್ಲಿ ಆರಿದೆ, ನೋಡು" ಅಂದಳು, ಅಂಗೈ ಚಾಚಿ.

ಬರೆಯುತ್ತಿದ್ದೇನೆ. ಈ ಬೆಂಕಿ ಇನ್ನೂರು ವರ್ಷದಿಂದ ಆರಿಲ್ಲ. ಇದನ್ನು ಕಾಪಾಡಿಕೊಂಡು ಬಂದವರು ಗ್ರೇ ಮೇರ್‌ನವರು, ಲೋ ರಿಗ್‌ನವರು, ಮತ್ತು— ಡಲ್ಸಿ ಕರೆಯುತ್ತಿದ್ದಾಳೆ. ಬೂದಿ ಮುಚ್ಚುವ ಹೊತ್ತಾಯಿತಂತೆ, ಇವತ್ತು ನಾನೇ ಮುಚ್ಚಬೇಕಂತೆ, ಅವಳು ಕೂತು ನೋಡುತ್ತಾಳಂತೆ.