ಭಾಸ್ಕರನ ಮನೆಗೆ ಹೋಗಿದ್ದೆ

ಬಿಣಗಾ, ಕಾರವಾರ
೧೯ ನವೆಂಬರ್ ೨೦೨೪

ಪ್ರೀತಿಯ ಲವೀನಾಳ ಪಪ್ಪಾ,

ಹೇಗಿದ್ದೀರಿ? ಅನ್ನ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ? ಕೈನಡುಕ ನಿಂತಿದೆ ಎಂದು ನೀವು ಬರೆದದ್ದನ್ನು ನಿಮ್ಮ ತಾಯಿಗೆ ಓದಿ ಹೇಳಿದೆ. ಮಾಯ್ ತಕ್ಷಣ ಶಿಲುಬೆಯ ಗುರುತು ಹಾಕಿಕೊಂಡು, ಇನ್ನೊಮ್ಮೆ ಓದು ಎಂದರು. ಕುಡಿತ ಬಿಡಿಸುವ ಆ ಕೇಂದ್ರದಲ್ಲಿ ಫೋನ್ ಕೊಡದಿರುವುದು ಮೊದಲು ಕಷ್ಟವೆನಿಸಿತ್ತು. ಈಗ ನಿಮ್ಮ ಅಕ್ಷರ ನೋಡುವುದೇ ಒಂದು ಸುಖ. ಇಲ್ಲಿ ನಾವೆಲ್ಲ ಆರಾಮ. ಲವೀನಾ ಕ್ರಿಸ್ಮಸ್ ಹಾಡುಗಳ ಅಭ್ಯಾಸಕ್ಕೆ ಹೋಗುತ್ತಿದ್ದಾಳೆ, ಮನೆಯಲ್ಲೂ ಬಾಯಿ ಮುಚ್ಚುವುದಿಲ್ಲ.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದರೆ ಬಾಗಿಲಲ್ಲಿ ವೈಜಯಂತಿ ನಿಂತಿದ್ದಳು, ಭಾಸ್ಕರನ ಹೆಂಡತಿ. ಅಂಕೋಲೆಯಿಂದ ಬೆಳಗಿನ ಬಸ್ಸಿಗೇ ಬಂದಿದ್ದಳಂತೆ. ನನಗೆ ಮೈಯೆಲ್ಲ ಉರಿಯಿತು. ಬಂದರಿನಲ್ಲಿ ದೋಣಿಯ ಎಂಜಿನ್ ರಿಪೇರಿ ಮುಗಿಸಿ ನೇರ ಮನೆಗೆ ಬರುತ್ತಿದ್ದ ನಿಮ್ಮನ್ನು ಬಾರಿಗೆ ಕರೆದುಕೊಂಡು ಹೋದವನು ಅವಳ ಗಂಡನೇ ತಾನೆ? ಒಳಗೆ ಬಾ ಎನ್ನಲಿಲ್ಲ ನಾನು. ಒಳಗಿನಿಂದ ಮಾಯ್ ಕೂಗಿದರು, “ಬಿಸಿಲಲ್ಲಿ ಎಂತಕ್ಕೆ ನಿಲ್ಸಿದ್ಯೇ? ಒಳಗ್ ಕರಿ, ಗಂಜಿ ಉಂಟು.” ವೈಜಯಂತಿ ಗಂಜಿಯ ತಟ್ಟೆ ಮುಂದಿಟ್ಟುಕೊಂಡು ಅಳತೊಡಗಿದಳು. “ಕುಡ್ದು ಕುಡ್ದು ಸಾಯ್ತ್ರು ಅಕ್ಕಾ. ನನ್ನ ಮಾತು ಕೇಳೂದೇ ಇಲ್ಲ. ನೀವು ಒಂದ್ ಸಲ ಬಂದು ಹೇಳಿ,” ಎಂದಳು.

ಅವತ್ತೇ ಪೂಜೆಯಲ್ಲಿ ‘ಪರಲೋಕದ ತಂದೆ’ ಹೇಳುವಾಗ, ಕ್ಷಮಿಸುವ ಸಾಲಿಗೆ ಬಂದು ನನ್ನ ನಾಲಿಗೆ ತಡವರಿಸಿತ್ತು. ಹೋಗದೆ ಇರಲು ಆಗಲಿಲ್ಲ.

ದಾರಿಯುದ್ದಕ್ಕೂ ಅವನಿಗೆ ಹೇಳಬೇಕಾದ ಬಿರುಸಿನ ಮಾತುಗಳನ್ನೆಲ್ಲ ಜೋಡಿಸಿಕೊಂಡೆ. ಆದರೆ ಜಗಲಿಯಲ್ಲಿ ಕುಳಿತವನನ್ನು ಕಂಡಾಗ ಒಂದೂ ಬಾಯಿಗೆ ಬರಲಿಲ್ಲ. ಚಹಾದ ಲೋಟ ಹಿಡಿಯಲಾಗದೆ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡಿದ್ದ. ನನ್ನ ಮುಖ ನೋಡದೆ ಕೇಳಿದ, “ಇನಾಸ್‌ಗೆ ನನ್ನ ಮೇಲೆ ಸಿಟ್ಟು ಉಂಟಾ?”

“ಅವರದ್ದು ಗೊತ್ತಿಲ್ಲ ಭಾಸ್ಕರ. ನಂಗೆ ಉಂಟು. ಆದ್ರೂ ಬಂದಿದ್ದೆ,” ಎಂದೆ.

ಆಮೇಲೆ ನಿಮ್ಮ ವಿಷಯ ಹೇಳಿದೆ. ಮೊದಲ ವಾರ ಗೋಡೆಗೆ ತಲೆ ಜಜ್ಜಿಕೊಳ್ಳುವಷ್ಟು ಕಷ್ಟಪಟ್ಟದ್ದು, ಈಗ ಅಲ್ಲಿಯ ತರಕಾರಿ ತೋಟಕ್ಕೆ ನೀರು ಹಾಕುತ್ತಿರುವುದು, ಎಲ್ಲ. ಪ್ರಾರ್ಥನೆ ಮಾಡಲೇ ಎಂದು ವೈಜಯಂತಿಯನ್ನು ಕೇಳಿದೆ. ಅವಳು ತನ್ನ ದೇವರಿಗೂ ದೀಪ ಹಚ್ಚಿ ಬಂದು ಪಕ್ಕದಲ್ಲಿ ಕೈಮುಗಿದು ನಿಂತಳು. ಏನು ಕೇಳಿಕೊಂಡೆನೋ ಸರಿಯಾಗಿ ನೆನಪಿಲ್ಲ. ಕಣ್ಣು ತೆರೆದಾಗ ಭಾಸ್ಕರ ಅಳುತ್ತಿದ್ದ. ನನ್ನ ಎದೆಯೊಳಗೆ ಕಟ್ಟಿಕೊಂಡದ್ದೂ ಸ್ವಲ್ಪ ಸಡಿಲಾದಂತಿತ್ತು, ಪೂರ್ತಿ ಅಲ್ಲ. ಉಳಿದದ್ದನ್ನು ದೇವರೇ ನೋಡಿಕೊಳ್ಳಲಿ.

ಅಲ್ಲಿಯ ಸಿಸ್ಟರಿಗೆ ನನ್ನ ನಮಸ್ಕಾರ ಹೇಳಿ. ಮಾಯ್ ಆಶೀರ್ವಾದ ಕಳಿಸಿದ್ದಾರೆ, ಲವೀನಾ ಮುತ್ತು ಕಳಿಸಿದ್ದಾಳೆ. ಕರ್ತನು ನಿಮ್ಮ ಮೈಗೂ ಮನಸ್ಸಿಗೂ ಬಲ ಕೊಡಲಿ.

ನಿಮ್ಮ
ಜಾಸಿಂತಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ವೈಜಯಂತಿಯ ಫೋನ್ ಬಂತು. ಕೇಂದ್ರಕ್ಕೆ ಸೇರಲು ಭಾಸ್ಕರ ಒಪ್ಪಿದ್ದಾನೆ! ಮುಂದಿನ ಸೋಮವಾರ ನಿಮ್ಮಲ್ಲಿಗೇ ಕರೆತರುತ್ತೇವೆ. ಆದರೆ ಅವನಿಗೆ ಒಂದೇ ಹೆದರಿಕೆ, ನೀವು ಮಾತಾಡಿಸದಿದ್ದರೆ? ಮಾತಾಡಿಸುತ್ತಾರೆ ಎಂದು ನಿಮ್ಮನ್ನು ಕೇಳದೆಯೇ ನಾನು ಮಾತು ಕೊಟ್ಟುಬಿಟ್ಟಿದ್ದೇನೆ. ಸಿಟ್ಟಿದ್ದರೂ ಇರಲಿ, ಗೇಟಿನ ತನಕ ಬನ್ನಿ.