ಊರು ಬಿಟ್ಟ ದಿನ

ತೊಂಡೇಬಾವಿ,
೧೯೬೯ರ ಶ್ರಾವಣ

ನನ್ನ ಕೂಸು ಸುಗುಣಾ,

ನಿನ್ನ ಕಾಗದ ಬಂತು. “ಹುಟ್ಟುತ್ತಲೇ ಅಮ್ಮನನ್ನು ತಿಂದುಕೊಂಡವಳಂತೆ ನಾನು, ನನ್ನ ಹೊಟ್ಟೆಯಲ್ಲಿರುವ ಮಗುವಿಗೂ ಅದೇ ಶಾಪ ತಗುಲುತ್ತದಾ ದೊಡ್ಡಮ್ಮ” ಎಂದು ಬರೆದಿದ್ದೀಯ. ಓದಿ ಮೈಯೆಲ್ಲ ಉರಿದುಹೋಯಿತು. ಶಿಡ್ಲಘಟ್ಟದ ನಿನ್ನ ಅತ್ತೆಗೆ ಯಾವ ಪುಣ್ಯಾತ್ಗಿತ್ತಿ ಈ ಮಾತು ಮುಟ್ಟಿಸಿದಳೋ, ಅವಳ ನಾಲಿಗೆಗೆ ಬರೆ ಹಾಕಬೇಕು. ನೀನು ಯಾರನ್ನೂ ತಿನ್ನಲಿಲ್ಲ ಕಣಮ್ಮ. ನಿನ್ನ ತಾಯಿ ಅಮ್ಮಾಜಿ ಹೇಗೆ ಹೋದಳು ಅನ್ನುವುದನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ. ಇವತ್ತು ಹೇಳಿಬಿಡುತ್ತೇನೆ, ಕೂತು ಓದು.

ಅಕ್ಕತಂಗಿ ನಮ್ಮಿಬ್ಬರನ್ನೂ ಚಿಂತಾಮಣಿಯಿಂದ ಈ ಒಂದೇ ಊರಿಗೆ ಕೊಟ್ಟರು. ಒಬ್ಬರಿಗೊಬ್ಬರು ಆಸರೆಯಾಗಿರುತ್ತೀರಿ ಅಂದಿದ್ದರು ನಮ್ಮಪ್ಪ. ನನಗೆ ಮೇಲಿನ ಬೀದಿ, ಅವಳಿಗೆ ಕೆಳಗಿನ ಬೀದಿ. ಕೆರೆಯ ತೂಬಿನ ನೀರಿಗೆ ಎರಡು ಬೀದಿಗೂ ಜಗಳ ಹತ್ತಿ, ತಲೆಗಳೊಡೆದು, ಕೇಸು ಚಿಕ್ಕಬಳ್ಳಾಪುರದ ಕೋರ್ಟಿಗೆ ಹೋಯಿತು. ಆಮೇಲೆ ನಡುವೆ ಜಾಲಿಮುಳ್ಳಿನ ಬೇಲಿ ಎದ್ದಿತು. ಆಚೆಯವರಿಗೆ ಒಲೆಗೆ ಕೆಂಡ ಕೊಡುವಂತಿಲ್ಲ, ಹೆಪ್ಪಿಗೆ ಮಜ್ಜಿಗೆ ಕೊಡುವಂತಿಲ್ಲ, ಮಾತಂತೂ ಇಲ್ಲವೇ ಇಲ್ಲ. ನಿನ್ನ ತಾಯಿ ಬಸುರಿ ಅನ್ನುವುದು ನನಗೆ ತಿಳಿದದ್ದು ಬೇಲಿಯ ಸಂದಿಯಿಂದ ಅವಳ ನಡಿಗೆ ನೋಡಿ. ಒಡಹುಟ್ಟಿದವಳು ನಾನು!

ಆ ವರ್ಷ ಊರಿಗೆ ಸಿಡುಬು ಬಂತು. ಅಮ್ಮ ಬಂದಿದ್ದಾಳೆ, ಊರು ಬಿಡಬೇಕು ಅಂದರು ಹಿರಿಯರು. ನೀನು ಇದನ್ನು ಕಂಡಿಲ್ಲ. ಬೆಳಕು ಹರಿಯುವ ಮೊದಲು ದನ, ಕೋಳಿ, ನಾಯಿ ಸಮೇತ ಎಲ್ಲರೂ ಹೊರಡಬೇಕು. ಮನೆಗಳಿಗೆ ಬೀಗ ಹಾಕಿ, ಊರಬಾಗಿಲಿಗೆ ಬೇವು ಕಟ್ಟಿ, ಸಂಜೆಯವರೆಗೂ ತೋಪಿನಲ್ಲೇ ಇರಬೇಕು. ಅಮ್ಮ ಬರಿದಾದ ಬೀದಿಗಳನ್ನು ಸುತ್ತಿ, ಯಾರೂ ಕಾಣದೆ ಬೇಸತ್ತು ಹೊರಟುಹೋಗುತ್ತಾಳೆ. ಒಂದು ನರಪಿಳ್ಳೆ ಒಳಗಿದ್ದರೂ ಹೋಗುವುದಿಲ್ಲ ಅನ್ನುವುದು ನಂಬಿಕೆ.

ಎರಡು ಬೀದಿಯವರೂ ಕೆರೆಯ ಆಚೆ ಒಂದು, ಈಚೆ ಒಂದು ತೋಪಿಗೆ ಹೋದೆವು. ಮಧ್ಯಾಹ್ನ ನೋಡುತ್ತೇನೆ, ಅಮ್ಮಾಜಿ ಸೊಂಟ ಹಿಡಿದುಕೊಂಡು ಎದ್ದು ಊರ ಕಡೆ ನಡೆಯುತ್ತಿದ್ದಾಳೆ. ಬಯಲಿಗೆ ಹೊರಟಳು ಅಂತ ಮಿಕ್ಕವರು ಸುಮ್ಮನಿದ್ದರು. ಮರದ ಕೆಳಗೆ, ಗಂಡಸರ ಮುಂದೆ ಹೆರುವುದಕ್ಕೆ ಅವಳಿಗೆ ಇಷ್ಟವಿಲ್ಲ ಅಂತ ನನಗೆ ತಿಳಿಯಿತು. ನಾನೂ ಸೆರಗು ಬಿಗಿದುಕೊಂಡು ಎದ್ದು, ಊರಬಾಗಿಲಲ್ಲಿ ಅವಳನ್ನು ಸೇರಿಕೊಂಡೆ. ಅಮ್ಮನಿಗೆ ಕೈ ಮುಗಿದು ಇಬ್ಬರೂ ಬೇವಿನ ತೋರಣದಡಿ ಬಗ್ಗಿ ಒಳಗೆ ಹೋದೆವು.

ಸುಗುಣಾ, ಹಾಡಹಗಲಲ್ಲಿ ಜನವಿಲ್ಲದ ಊರು ಹೇಗಿರುತ್ತದೆ ಗೊತ್ತಾ? ಬೀಸುವ ಕಲ್ಲಿನ ಸದ್ದಿಲ್ಲ, ಕೋಳಿಯ ಕೂಗಿಲ್ಲ. ನಮ್ಮ ಹೆಜ್ಜೆಯ ಸದ್ದೇ ಗೋಡೆಗಳಿಗೆ ತಾಗಿ, ಹಿಂದೆ ಯಾರೋ ಬಂದ ಹಾಗೆ ಕೇಳಿಸುತ್ತಿತ್ತು. ಅಮ್ಮಾಜಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು, “ಅಕ್ಕಾ, ಯಾರೋ ನೋಡ್ತಾ ಇದಾರೆ” ಅಂದಳು. ನನಗೂ ಹಾಗೇ ಅನ್ನಿಸಿತ್ತು. ಅಮ್ಮನೇ ಇರಬೇಕು ಅಂದುಕೊಂಡೆ.

ನಮ್ಮ ಮನೆಯ ಜಗಲಿ ತಲುಪುವಷ್ಟರಲ್ಲಿ ಅವಳ ಕಾಲು ಸೋತುಹೋದವು. ಬಾಗಿಲಿಗೆ ಬೀಗ, ಬೀಗದ ಕೈ ತೋಪಿನಲ್ಲಿ ನಮ್ಮತ್ತೆಯ ಸೊಂಟದಲ್ಲಿ. ಜಗಲಿಯ ಮೇಲೇ ಮಲಗಿಸಿದೆ. ನೋವಿನಲ್ಲಿ ತವರಿನ ತೆಲುಗು ಬಂದುಬಿಟ್ಟಿತ್ತು ಅವಳಿಗೆ, ನೀಳ್ಳು, ನೀಳ್ಳು ಅಂತ ನೀರು ಕೇಳುತ್ತಿದ್ದಳು. ಬಾವಿಗೆ ಓಡಿದರೆ ಹಗ್ಗವೂ ಇಲ್ಲ, ಬಿಂದಿಗೆಯೂ ಇಲ್ಲ. ತೋಪಿಗೆ ಓಡಿ ಸೂಲಗಿತ್ತಿಯನ್ನು ಕರೆತರೋಣ ಅಂದರೆ, ಅವಳನ್ನು ಬಿಟ್ಟುಹೋಗುವ ಸ್ಥಿತಿಯಲ್ಲ. ಆಗಲೇ ಬೀಡಿ ಹೊಗೆಯ ವಾಸನೆ ಬಂತು. ನಮ್ಮ ಮನೆಯ ಒಳಗಿನಿಂದ.

ಬಾಗಿಲಿಗೆ ಬಾಯಿ ಹಚ್ಚಿ ಹೇಳಿದೆ. “ಒಳಗೆ ಯಾರಿದ್ರೂ ಸರಿ, ಹಿತ್ತಲ ಬಾಗ್ಲಿಂದ ಹೋಗಿ ಸೂಲಗಿತ್ತಿ ಗಂಗುಲಮ್ಮನ್ನ ಕರ್ಕೊಂಡು ಬನ್ನಿ. ನಾನು ಬೆನ್ನು ಹಾಕಿ ಕೂತಿರ್ತೀನಿ, ನಿಮ್ಮ ಮುಖ ನೋಡಲ್ಲ. ಒಂದು ಚೊಂಬು ನೀರಾದ್ರೂ ಇಡಿ.” ಬೆನ್ನು ಹಾಕಿ ಕೂತೆ. ಯಾರೂ ಬರಲಿಲ್ಲ. ತಡೆದೂ ತಡೆದೂ ತಡೆಯಲಾರದೆ ಬಂದ ಕೆಮ್ಮೊಂದು ಕೇಳಿಸಿತು. ದಿನಾ ರಾತ್ರಿ ನನ್ನ ಪಕ್ಕದಲ್ಲೇ ಕೇಳುವ ಕೆಮ್ಮು ನನಗೆ ಗೊತ್ತಾಗುವುದಿಲ್ಲವಾ?

“ರೀ, ನಾನು” ಅಂದೆ.

ಕೆಮ್ಮು ನಿಂತುಹೋಯಿತು. ಆಮೇಲೆ ಉಸಿರು ಕೂಡ ಕೇಳಿಸಲಿಲ್ಲ.

ಹೊತ್ತು ಇಳಿಯುವಾಗ ನೀನು ಬಂದೆ. ಏನು ಗಂಟಲು ನಿನ್ನದು! ನೀನು ಅತ್ತ ಕೂಡಲೇ ಬೀಗ ಹಾಕಿದ ಮನೆಗಳೆಲ್ಲ ಮಿಸುಕಾಡಿದವು. ಎದುರು ಮನೆಯ ಅಟ್ಟದ ಹಲಗೆ ಕಿರುಗುಟ್ಟಿತು. ಬೇಲಿಯಾಚೆ ಯಾರೋ ಅಗುಳಿ ಸರಿಸಿದರು, ಮತ್ತೆ ಹಾಕಿಕೊಂಡರು. ಊರು ಖಾಲಿಯಿರಲಿಲ್ಲ ಮಗಳೇ. ನಾವಿಲ್ಲದಾಗ ಅವರು ಬಂದು ಬೆಂಕಿಯಿಟ್ಟಾರು ಎಂದು ಈ ಬೀದಿಯವರು, ಇವರು ಇಟ್ಟಾರು ಎಂದು ಆ ಬೀದಿಯವರು ಗಂಡಸರನ್ನು ಒಳಗೆ ಬಚ್ಚಿಟ್ಟಿದ್ದರು. ಅಷ್ಟೂ ಜನ ನಿನ್ನ ತಾಯಿಯ ಕೂಗು ಕೇಳಿಕೊಂಡು ಕತ್ತಲಲ್ಲಿ ಕೂತಿದ್ದರು. ಈಚೆ ಬಂದರೆ ಅಮ್ಮನಿಗೆ ಮೋಸ ಮಾಡಿದ್ದು ಬಯಲಾಗುತ್ತಿತ್ತಲ್ಲ.

ಅಮ್ಮಾಜಿ ನಿನ್ನನ್ನು ಎದೆಯ ಮೇಲೆ ಹಾಕಿಸಿಕೊಂಡಳು, ನಿನ್ನ ಕಿವಿ ಮುಟ್ಟಿ ನೋಡಿದಳು, ನಕ್ಕಳು. ರಕ್ತ ನಿಲ್ಲಲಿಲ್ಲ. ನನ್ನ ಸೀರೆಯೆಲ್ಲ ಒತ್ತಿದರೂ ನಿಲ್ಲಲಿಲ್ಲ.

ಸಂಜೆ ಜನ ವಾಪಸು ಬಂದರು. ನಿನ್ನ ದೊಡ್ಡಪ್ಪನೂ ಗುಂಪಿನೊಳಗಿಂದ ಬೇವಿನ ಸೊಪ್ಪು ಹಿಡಿದುಕೊಂಡು ಬಂದು, ಏನಾಯ್ತೇ ಎಂದು ಕೇಳಿದರು. ಅವತ್ತೇ ಬೀಡಿ ಬಿಟ್ಟರು, ದೊಡ್ಡ ಮನುಷ್ಯ ಎಂದು ಊರು ಇವತ್ತಿಗೂ ಹೊಗಳುತ್ತದೆ. ಅಷ್ಟು ವರ್ಷಗಳ ಮೇಲೆ ಮೊದಲ ಸಲ ಎರಡು ಬೀದಿಯವರೂ ಒಟ್ಟಿಗೆ ಕೂತು ಮಾತಾಡಿದರು. ಅಮ್ಮಾಜಿ ಕಟ್ಟು ಮುರಿದಳು, ಈ ಕೂಸು ಊರಲ್ಲಿ ಇರಕೂಡದು ಎಂದು ತೀರ್ಮಾನವಾಯಿತು. ನಿನ್ನ ಅಪ್ಪ ತಲೆ ಎತ್ತಲಿಲ್ಲ. ಅವನು ಹಗಲೆಲ್ಲ ಎಲ್ಲಿದ್ದ ಎಂದು ನಾನು ಕೇಳಲಿಲ್ಲ, ಕೇಳುವ ಧೈರ್ಯ ಬರಲಿಲ್ಲ. ನಿನ್ನನ್ನು ಮಡಿಲಲ್ಲಿಟ್ಟುಕೊಂಡು ಚಿಂತಾಮಣಿಯ ಅಜ್ಜಿಯ ಕೈಗೆ ಒಪ್ಪಿಸಿ ಬಂದೆ.

ಶಾಪವೂ ಇಲ್ಲ, ಮಣ್ಣೂ ಇಲ್ಲ. ಒಂದು ಚೊಂಬು ನೀರು, ಒಬ್ಬ ಸೂಲಗಿತ್ತಿ ಸಿಕ್ಕಿದ್ದರೆ ನಿನ್ನ ತಾಯಿ ಇವತ್ತು ನಿನಗೆ ಹೂ ಮುಡಿಸುತ್ತಿದ್ದಳು. ನಿನ್ನ ಅತ್ತೆಗೆ ಈ ಕಾಗದ ಓದಿ ಹೇಳು.

ಸೀಮಂತಕ್ಕೆ ನಾವಿಬ್ಬರೂ ಬರುತ್ತೇವೆ. ನಿನ್ನ ದೊಡ್ಡಪ್ಪ ರೇಷ್ಮೆ ಸೀರೆ ತೆಗೆದಿಟ್ಟಿದ್ದಾರೆ. ಅವರ ಕಾಲಿಗೆ ಬಿದ್ದು ಆಶೀರ್ವಾದ ತಗೋ ಅನ್ನುತ್ತಾರೆ ಎಲ್ಲರೂ. ಬೀಳಬೇಡ. ಯಾಕೆ ಎಂದು ಅವರು ಕೇಳಿದರೆ, ದೊಡ್ಡಮ್ಮ ಬೇಡ ಅಂದಳು ಅಂತ ಹೇಳು. ಅವರಿಗೆ ತಿಳಿಯುತ್ತದೆ.

ತಾಯಿ ಒಂದು, ಮಗು ಒಂದು, ಎರಡು ಜೀವವೂ ನಗುನಗುತ್ತಾ ಉಳಿಯಲಿ ಎಂದು ಹರಸುವ,
ನಿನ್ನ ದೊಡ್ಡಮ್ಮ
ರಾಮಲಕ್ಷ್ಮಮ್ಮ