ಎರಡು ಗೋಕಟ್ಟೆ, ಒಂದೇ ಹೊಸಹಟ್ಟಿ

ಎಲ್ಲರೂ ಬರೆಯಬಹುದಾದ ಅಂತರ್ಜಾಲ ವಿಶ್ವಕೋಶದ ಮಾನ್ಯ ನಿರ್ವಾಹಕರೇ,

ಕಳೆದ ಮಾಘದಲ್ಲಿ ನೀವು ಎರಡು ಊರುಗಳನ್ನು ಒಂದು ಮಾಡಿದಿರಿ. ಒಂದು ಊರಿನ ವಿಷದ ನೀರಿಗೆ ಇನ್ನೊಂದು ಊರಿನ ಸಿಹಿನೀರಿನ ಹೆಸರು ಅಂಟಿತು. ಅದನ್ನು ನಂಬಿ ನನ್ನ ಸೋದರಮಾವನ ಅರ್ಧ ಮಂದೆ ಸತ್ತಿತು. ಪುಟ ಇನ್ನೂ ಸರಿಯಾಗಿಲ್ಲ. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಐಮಂಗಲದ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವಳು. ಊರು ಹೊಸಹಟ್ಟಿ. ಆ ಹೆಸರಿನ ಬಗ್ಗೆ ನಿಮಗೆ ಎರಡು ಮಾತು ಹೇಳಬೇಕು. ನಮ್ಮ ಕುರಿ ಕಾಯುವ ಜನ ಒಂದು ಜಾಗ ಬಿಟ್ಟು ಇನ್ನೊಂದು ಜಾಗದಲ್ಲಿ ಮುಳ್ಳುಬೇಲಿ ಹಾಕಿ ಗುಡಿಸಲು ಕಟ್ಟಿದರೆ, ಬಿಟ್ಟದ್ದು ಹಳೆಹಟ್ಟಿ, ಕಟ್ಟಿದ್ದು ಹೊಸಹಟ್ಟಿ. ನೂರು ವರ್ಷ ಕಳೆದು ಗುಡಿಸಲು ಹೋಗಿ ತಾರಸಿ ಬಂದರೂ ಅದು ಹೊಸಹಟ್ಟಿಯೇ. ಹೀಗಾಗಿ ನಮ್ಮ ಜಿಲ್ಲೆಯಲ್ಲಿ ಈ ಹೆಸರಿನ ಊರು ಒಂದಲ್ಲ, ಎರಡಲ್ಲ. ನಮ್ಮವರಿಗೆ ಇದರಿಂದ ಎಂದೂ ತೊಂದರೆಯಾಗಿರಲಿಲ್ಲ. "ಯಾವ ಹೊಸಹಟ್ಟಿ?" ಎಂದು ಕೇಳದೆ ನಮ್ಮಲ್ಲಿ ಯಾರೂ ಮಾತು ಮುಂದುವರಿಸುವುದಿಲ್ಲ. ಅಕ್ಷರ ಬಾರದ ನನ್ನ ಅಜ್ಜಿಗೆ ಗೊತ್ತಿದ್ದ ಈ ಪ್ರಶ್ನೆ ನಿಮ್ಮ ಘನ ಸಂಪಾದಕ ಮಂಡಳಿಗೆ ಹೊಳೆಯಲಿಲ್ಲವೇ?

ಮೂರು ವರ್ಷದ ಹಿಂದೆ ನಿಮ್ಮ ವಿಶ್ವಕೋಶದಲ್ಲಿ ನಾನೇ ಎರಡು ಪುಟ ಬರೆದೆ. 'ಹೊಸಹಟ್ಟಿ, ಹಿರಿಯೂರು ತಾಲ್ಲೂಕು' ಎಂಬುದು ನನ್ನೂರು. 'ಹೊಸಹಟ್ಟಿ, ಹೊಸದುರ್ಗ ತಾಲ್ಲೂಕು' ನನ್ನ ಗೆಳತಿ ಅನುಸೂಯಳನ್ನು ಕೊಟ್ಟ ಊರು. ಎರಡು ಕಡೆಯೂ ದನ ಕುರಿ ನೀರು ಕುಡಿಯುವ ಗೋಕಟ್ಟೆ ಇದೆ. ನನ್ನೂರಿನ ಪುಟದಲ್ಲಿ, "ಇಲ್ಲಿನ ಗೋಕಟ್ಟೆಯ ನೀರು ಸಿಹಿ, ಬೇಸಗೆಯಲ್ಲೂ ಮಂದೆಗಳಿಗೆ ಆಸರೆ" ಎಂದು ಹೆಮ್ಮೆಯಿಂದ ಬರೆದಿದ್ದೆ. ಅನುಸೂಯಳ ಊರಿನ ಪುಟದಲ್ಲಿ, ಗೋಕಟ್ಟೆಗೆ ಗಣಿಯ ಕಡೆಯಿಂದ ನೀರು ಬಂದು ಸೇರುತ್ತದೆ, ಹಟ್ಟಿಯವರೇ ಅದನ್ನು ಬಿಟ್ಟಿದ್ದಾರೆ, ಕುಡಿಯಲು ಯೋಗ್ಯವಲ್ಲ ಎಂದು ಬರೆದಿದ್ದೆ. ಎರಡೂ ಸತ್ಯ, ಎರಡೂ ನಾನು ಕಣ್ಣಾರೆ ಕಂಡದ್ದು.

ನೀವು ಬಂದಿರಿ. "ಒಂದೇ ಶೀರ್ಷಿಕೆಯ ಸಣ್ಣ ಲೇಖನಗಳು, ವಿಲೀನಗೊಳಿಸಲಾಗಿದೆ" ಎಂದು ಒಂದು ಸಾಲು ಬರೆದಿರಿ. ತಾಲ್ಲೂಕುಗಳು ಬೇರೆಬೇರೆ ಇದ್ದವಲ್ಲ, ಗೊಂದಲ ಬೇಡವೆಂದು ಅವನ್ನೂ ಕಿತ್ತಿರಿ. 'ಹೊಸಹಟ್ಟಿ ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ' ಎಂದಾಯಿತು. ಎಷ್ಟು ಚೊಕ್ಕ! ಕುಡಿಯಲು ಯೋಗ್ಯವಲ್ಲ ಎಂಬ ಮಾತಿಗೆ ಪ್ರಕಟಿತ ಆಧಾರವಿಲ್ಲವೆಂದು ಅದನ್ನು ಅಳಿಸಿದಿರಿ. ನೀರು ಸಿಹಿ ಎಂಬ ಮಾತನ್ನು ಉಳಿಸಿಕೊಂಡಿರಿ. ಸಿಹಿನೀರಿಗೆ ಯಾರು ತಾನೆ ಆಧಾರ ಕೇಳುತ್ತಾರೆ?

ನನ್ನ ಸೋದರಮಾವ ಕಾಟಲಿಂಗಪ್ಪ ಪ್ರತಿವರ್ಷ ಭೀಮಸಮುದ್ರದ ಕಡೆ ಮಂದೆ ಹೊಡೆದುಕೊಂಡು ಹೋಗುವವನು. ಈ ಸಲ ಆ ಕಡೆ ಮೇವು ಕಾಣಲಿಲ್ಲವೆಂದು ಹೆಂಡತಿ ಚಿತ್ತಮ್ಮನನ್ನು ಕರೆದುಕೊಂಡು ಹೊಸದುರ್ಗದ ಕಡೆ ತಿರುಗಿದ. ಗುರುತಿಲ್ಲದ ಸೀಮೆ. ಮಟಮಟ ಮಧ್ಯಾಹ್ನ, ಕೇಳೋಣವೆಂದರೆ ನರಪಿಳ್ಳೆ ಇಲ್ಲ. ರಸ್ತೆಯ ಕಲ್ಲಿನ ಮೇಲೆ ಹೊಸಹಟ್ಟಿ ಎಂದು ಓದಿ, ಚಿತ್ರದುರ್ಗದಲ್ಲಿ ಬಿ.ಎ. ಓದುತ್ತಿರುವ ಮಗಳು ದೀಪಾಳಿಗೆ ಫೋನ್ ಮಾಡಿ, ಇಲ್ಲಿನ ಗೋಕಟ್ಟೆಯ ನೀರು ಹೇಗೆಂದು ಕೇಳಿದ. ಅವಳು ನಿಮ್ಮ ಪುಟ ತೆರೆದು ಓದಿ ಹೇಳಿದಳು: "ನೀರು ಸಿಹಿ ಅಂತ ಬರ್ದವ್ರೆ ಕಣಪ್ಪ. ಬೇಸಿಗೇಲೂ ಇರ್ತೈತಂತೆ. ಕುಡಿಸು."

ಚಿತ್ತಮ್ಮ ಬೇಡವೆಂದಳಂತೆ. "ಕಟ್ಟೇಲಿ ಒಂದು ಕಪ್ಪೆನೂ ಇಲ್ಲ. ಕಪ್ಪೆ ಇಲ್ಲದ ನೀರು ನಮಗ್ಯಾಕೆ?" ಎಂದು ದಡದಲ್ಲೇ ನಿಂತಳಂತೆ. ಓದಿದವರು ಬರೆದಿದ್ದಾರೆ, ನಿನಗೇನು ಗೊತ್ತು ಎಂದು ಮಾವ ಅವಳ ಬಾಯಿ ಮುಚ್ಚಿಸಿದ. ಸಂಜೆಯೊಳಗೆ ಕುರಿಗಳು ಕಾಲು ಸೆಟೆದು ಒಂದೊಂದೇ ಬಿದ್ದವು. ಇದನ್ನು ಹೇಳುವಾಗ ಮಾವ ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ದೀಪಾ ಓದಿದ ಆ ಸಾಲು ನಾನು ಬರೆದದ್ದು, ಸ್ವಾಮಿ. ಅಂದಿನಿಂದ ನನ್ನ ಕೈಯನ್ನು ನಾನೇ ಕಡಿದುಕೊಳ್ಳಬೇಕು ಅನ್ನಿಸುತ್ತಿದೆ.

ನಿಮ್ಮ ಚರ್ಚೆಯ ಪುಟದಲ್ಲಿ ಮೂರು ಸಲ ಬರೆದೆ. ಮೂರು ಸಲವೂ "ದಯವಿಟ್ಟು ಪ್ರಕಟಿತ ಆಧಾರ ಒದಗಿಸಿ" ಎಂಬ ಸೌಜನ್ಯದ ಉತ್ತರ ಬಂತು. ಸತ್ತ ಕುರಿಗಳು ಪ್ರಕಟವಾಗಿರಲಿಲ್ಲ, ನಿಜ. ಆ ಕೊರತೆಯೂ ಬೇಗ ತುಂಬಿತು. 'ಹೊಸಹಟ್ಟಿ ಗೋಕಟ್ಟೆ ನೀರು ಕುಡಿದು ಕುರಿಗಳ ಸಾವು' ಎಂದು ಪತ್ರಿಕೆಯೊಂದರಲ್ಲಿ ಬಂತು. ವರದಿ ಮಾಡಿದವರಿಗೆ ಅದು ಯಾವ ತಾಲ್ಲೂಕೆಂದು ತಿಳಿಯದೆ ನಿಮ್ಮ ಪುಟವನ್ನೇ ನೋಡಿದ್ದಾರೆ. ತಾಲ್ಲೂಕಿನ ಹೆಸರುಗಳನ್ನು ಕಿತ್ತಿದ್ದಿರಿ, ಆದರೆ ಪುಟದಲ್ಲಿದ್ದ ನಕ್ಷೆಯ ಚುಕ್ಕಿ ನನ್ನೂರಿನ ಮೇಲೇ ಉಳಿದಿತ್ತು. ಹಿರಿಯೂರು ತಾಲ್ಲೂಕು ಎಂದು ಅಚ್ಚಾಯಿತು. ನೀವು ಆ ವರದಿಯನ್ನೇ ಆಧಾರವಾಗಿ ತೋರಿಸಿ, ಹಿರಿಯೂರಿನ ಹೊಸಹಟ್ಟಿಯ ನೀರು ವಿಷ ಎಂದು ಬರೆದು, ಇನ್ನು ಯಾರೂ ತಿದ್ದದಂತೆ ಪುಟಕ್ಕೆ ಬೀಗ ಹಾಕಿದಿರಿ.

ಹೋದ ಸೋಮವಾರ ನಮ್ಮ ಹಟ್ಟಿಗೆ ಸರಕಾರಿ ಜೀಪು ಬಂತು. ನಮ್ಮ ಸಿಹಿನೀರಿನ ಗೋಕಟ್ಟೆಗೆ ತಂತಿಬೇಲಿ ಸುತ್ತಿ ಕೆಂಪು ಫಲಕ ನೆಟ್ಟರು. ಇದು ಆ ಊರಲ್ಲವೆಂದು ನಾನು ಅಡ್ಡ ನಿಂತೆ. ಬಂದಿದ್ದ ಅಧಿಕಾರಿ ಒಳ್ಳೆಯವರೇ, ಗದರಲಿಲ್ಲ. "ಪೇಪರ್‌ನಾಗೆ ಬಂದೈತೆ, ಇಂಟರ್‌ನೆಟ್‌ನಾಗೂ ಐತೆ. ನಾವೇನ್ ಮಾಡಾಣ ಮೇಡಂ?" ಎಂದರು. ಹೊಸದುರ್ಗದ ಆ ಕಟ್ಟೆಯ ಬಳಿ ಫಲಕವಿಲ್ಲ, ಬೇಲಿಯಿಲ್ಲ. ವಿಷ ಹಿರಿಯೂರಿನಲ್ಲಿದೆ ಎಂದು ಲೋಕಕ್ಕೇ ಗೊತ್ತಾದ ಮೇಲೆ ಅಲ್ಲಿ ಯಾರು ಯಾಕೆ ಹಾಕುತ್ತಾರೆ?

ಈಗ ಇಲ್ಲಿ ನೀರಿಲ್ಲದೆ ನಮ್ಮ ಸುತ್ತಿನ ಹಟ್ಟಿಗಳ ಮಂದೆಗಳು ಪಡುವಣಕ್ಕೆ, ಹೊಸದುರ್ಗದ ಕಡೆ, ಹೊರಟಿವೆ. ನಮ್ಮ ಬೀದಿಯ ಗಿರಿಯಮ್ಮ ನಿನ್ನೆ ಹೊರಟಳು, ಕಂಕುಳಲ್ಲಿ ಮೊಮ್ಮಗು. ಅವಳಿಗೆ ಆ ವಿಷದ ಕಟ್ಟೆಯ ವಿಷಯ ಹೇಳಿದ್ದೇನೆ. ಅವಳು ಹೋಗುವ ದಾರಿಯಲ್ಲಿ ನನಗೆ ಗುರುತಿಲ್ಲದ ಎಷ್ಟೋ ಮಂದೆಗಳು ಹೋಗುತ್ತಿವೆ. ಆ ಜನ ಕುರಿಗಳ ಜೊತೆಗೇ ಬಿಂದಿಗೆ ಅದ್ದುವವರು.

ನನ್ನ ಬೇಡಿಕೆ ಇಷ್ಟೇ. ಬೀಗ ತೆಗೆಯಿರಿ. ಎರಡು ಊರಿಗೆ ಎರಡು ಪುಟ ಕೊಡಿ, ಶೀರ್ಷಿಕೆಯಲ್ಲೇ ತಾಲ್ಲೂಕಿನ ಹೆಸರಿರಲಿ. ಬರಿಯ 'ಹೊಸಹಟ್ಟಿ' ಎಂದು ಹುಡುಕಿದವರಿಗೆ ಉತ್ತರ ಕೊಡುವ ಮೊದಲು ಯಾವ ಹೊಸಹಟ್ಟಿ ಎಂದು ಕೇಳಿ. ಇದನ್ನು ನಾಳೆ ಮಾಡಬೇಡಿ, ಈ ಪತ್ರ ಓದಿದ ಕೂಡಲೇ ಮಾಡಿ. ನನ್ನ ಕೈಗೆ ಸಿಕ್ಕವರಿಗೆ ನಾನು ಹೇಳುತ್ತಿದ್ದೇನೆ. ಸಿಗದವರು ಹೊಸದುರ್ಗದ ಆ ಕಟ್ಟೆಯ ದಡದಲ್ಲಿ ನಿಂತು ನಿಮ್ಮನ್ನೇ ಕೇಳುತ್ತಾರೆ.

ಇಂತಿ, ತನ್ನೂರಿನ ನೀರನ್ನು ಹೊಗಳಿ ಕೆಟ್ಟ
ಮೀನಾಕ್ಷಿ
ಹೊಸಹಟ್ಟಿ, ಹಿರಿಯೂರು ತಾಲ್ಲೂಕು
(ತಾಲ್ಲೂಕನ್ನು ದಯವಿಟ್ಟು ಅಳಿಸಬೇಡಿ)